ಅಪ್ಪನ ಕರುಳಲ್ಲಿ ನೂರಾರು ಪಾಲಿಪ್: ಮಕ್ಕಳಿಗೆ ತಪಾಸಣೆ ಯಾವಾಗಿನಿಂದ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನ ಯಜಮಾನರಿಗೆ 36 ವರ್ಷ. ದೊಡ್ಡ ಕರುಳಲ್ಲಿ ನೂರಕ್ಕೂ ಹೆಚ್ಚು ಪಾಲಿಪ್ (ಒಳಗೋಡೆಯಲ್ಲಿ ಬೆಳೆಯೋ ಗಂಟು) ಇವೆ ಅಂತ ಗೊತ್ತಾಗಿ ಆಪರೇಷನ್ ಆಗಿದೆ. ಡಿಸ್ಚಾರ್ಜ್ ಚೀಟಿಯಲ್ಲಿ "ಪಾಲಿಪೋಸಿಸ್, ಮಕ್ಕಳ ತಪಾಸಣೆ ಮಾಡಿಸಿ" ಅಂತ ಒಂದೇ ಸಾಲು ಬರೆದಿದ್ದಾರೆ. ಮಗನಿಗೆ 11, ಮಗಳಿಗೆ 6. ಇಬ್ಬರೂ ಆಡ್ಕೊಂಡು ಚೆನ್ನಾಗಿದ್ದಾರೆ. ಅಕ್ಕ ನಾಳೆಯೇ ಇಬ್ಬರಿಗೂ ಕೊಲೊನೋಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಕೊಳವೆ ಬಿಟ್ಟು ದೊಡ್ಡ ಕರುಳು ನೋಡೋದು) ಮಾಡಿಸೋಣ ಅಂತಾಳೆ. ಅವರ ಅತ್ತೆ, ಆಡೋ ಮಕ್ಕಳನ್ನ ಆಸ್ಪತ್ರೆಗೆ ಎಳೀಬೇಡಿ ಅಂತಾರೆ. ಯಾರ ಮಾತು ಕೇಳೋದು?

ಕರುಳಬಳ್ಳಿ:
ಇಬ್ಬರ ಮಾತನ್ನೂ ಒಂದು ವಾರ ಪಕ್ಕಕ್ಕಿಡಿ. ಮೊದಲು ಆ ಪಾಲಿಪ್ ಯಾವ ಜಾತಿಯದು ಅಂತ ತಿಳ್ಕೊಳ್ಳಿ. "ಪಾಲಿಪೋಸಿಸ್" ಅನ್ನೋದು ಕಾಯಿಲೆಯ ಹೆಸರಲ್ಲ, ಪಾಲಿಪ್ ತುಂಬಾ ಇವೆ ಅನ್ನೋದಷ್ಟೇ ಅದರ ಅರ್ಥ. ಮಕ್ಕಳ ವಿಷಯದಲ್ಲಿ ಮುಖ್ಯವಾಗಿ ಬರೋದು ವಂಶದಲ್ಲಿ ಹರಿದು ಬರೋ ಮೂರು ಕಾಯಿಲೆ: ಎಫ್‌ಎಪಿ (ಫೆಮಿಲಿಯಲ್ ಅಡಿನೋಮಾಟಸ್ ಪಾಲಿಪೋಸಿಸ್), ಪ್ಯೂಟ್ಸ್-ಜೆಗರ್ಸ್, ಜುವೆನೈಲ್ ಪಾಲಿಪೋಸಿಸ್. ಮೂರಕ್ಕೂ ತಪಾಸಣೆ ಶುರು ಮಾಡೋ ವಯಸ್ಸು ಬೇರೆ, ನೋಡಬೇಕಾದ ಜಾಗ ಬೇರೆ, ಅಪಾಯವೂ ಬೇರೆ. ಆಪರೇಷನ್ ಆದ ಕರುಳಿನ ಹಿಸ್ಟೋಪೆಥಾಲಜಿ (ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ) ರಿಪೋರ್ಟ್ ತರಿಸಿ ನೋಡಿ.

ಸ್ಲೈಡ್‌ಲೋಕ:
ರಿಪೋರ್ಟಿನಲ್ಲಿ ಒಂದೇ ಒಂದು ಪದ ಹುಡುಕಿ. "ಅಡಿನೋಮಾ" (ಮುಂದೆ ಕ್ಯಾನ್ಸರ್ ಆಗಬಲ್ಲ ಗ್ರಂಥಿಯ ಗಂಟು) ಅಂತಿದ್ದರೆ ಎಫ್‌ಎಪಿ ಕಡೆ. "ಹ್ಯಾಮಾರ್ಟೋಮಾ" (ಸಹಜ ಅಂಗಾಂಶವೇ ಅಡ್ಡಾದಿಡ್ಡಿ ಬೆಳೆದ ಗಂಟು) ಅಂತಿದ್ದರೆ ಉಳಿದ ಎರಡರಲ್ಲಿ ಒಂದು. ಪ್ಯೂಟ್ಸ್-ಜೆಗರ್ಸ್ ಪಾಲಿಪಿನೊಳಗೆ ಸ್ನಾಯುವಿನ ಎಳೆಗಳು ಮರದ ಕೊಂಬೆ ಹರಡಿದ ಹಾಗೆ ಕಾಣುತ್ತವೆ. ಜುವೆನೈಲ್ ಪಾಲಿಪ್‌ನಲ್ಲಿ ಲೋಳೆ ತುಂಬಿ ಉಬ್ಬಿದ ಗ್ರಂಥಿಗಳು, ಸುತ್ತ ಊದಿಕೊಂಡ ಅಂಗಾಂಶ. ರಿಪೋರ್ಟಲ್ಲಿ ಬರೀ "ಪಾಲಿಪ್" ಅಂತ ಬರೆದು ಬಿಟ್ಟಿದ್ದರೆ ಲ್ಯಾಬ್‌ನಲ್ಲಿ ಅಂಗಾಂಶ ಹುದುಗಿಸಿದ ಮೇಣದ ಬ್ಲಾಕ್ ಇಟ್ಟಿರ್ತಾರೆ. ಅದನ್ನ ಪಡೆದು ಹೊಟ್ಟೆ-ಕರುಳಿನ ಸ್ಲೈಡ್ ನೋಡಿ ಪಳಗಿದವರ ಹತ್ತಿರ ಮತ್ತೊಮ್ಮೆ ಓದಿಸಬಹುದು. ಸ್ಲೈಡ್ ಒಡೆದು ಹೋದರೂ ಬ್ಲಾಕ್ ಇದ್ದರೆ ಹೊಸದು ಮಾಡಬಹುದು, ಹಾಗಾಗಿ ಬ್ಲಾಕ್ ಕೇಳೋದು ಮರೀಬೇಡಿ.

ಬಯಲುಸೀಮೆ:
ಇಷ್ಟೆಲ್ಲಾ ಯಾಕೆ? 12 ವರ್ಷ ತುಂಬಿದ ಮೇಲೆ ಮಾಡಿಸಿ ಅಂತ ಹೇಳಿದ್ರೆ ಆಯ್ತಲ್ಲ. ಪಾಲಿಪ್ ಅಂದ್ರೆ 12.

ಕರುಳಬಳ್ಳಿ:
ಅದು ಎಫ್‌ಎಪಿಗೆ ಸರಿ, ಉಳಿದವಕ್ಕೆ ಹಾಗೇ ಅನ್ವಯಿಸಬೇಡಿ. ಯುರೋಪಿನ ಮಕ್ಕಳ ಜಠರ-ಕರುಳು ತಜ್ಞರ ಸಂಘ 2019ರಲ್ಲಿ ಈ ಮೂರಕ್ಕೂ ಮೂರು ಪ್ರತ್ಯೇಕ ಮಾರ್ಗಸೂಚಿ ಕೊಟ್ಟಿದೆ. ತೊಂದರೆ ಏನೂ ಇಲ್ಲದ ಮಗುವಿಗೆ ಎಫ್‌ಎಪಿಯಲ್ಲಿ ಕೊಲೊನೋಸ್ಕೋಪಿ 12ರಿಂದ 14ಕ್ಕೆ. ಜುವೆನೈಲ್ ಪಾಲಿಪೋಸಿಸ್‌ನಲ್ಲಿ 12ರಿಂದ 15ಕ್ಕೆ. ಪ್ಯೂಟ್ಸ್-ಜೆಗರ್ಸ್‌ನಲ್ಲಿ 8 ವರ್ಷಕ್ಕೇ ಶುರು, ಅದೂ ದೊಡ್ಡ ಕರುಳು ಮಾತ್ರ ಅಲ್ಲ, ಬಾಯಿಂದ ಮಾಡೋ ಮೇಲಿನ ಎಂಡೋಸ್ಕೋಪಿ ಮತ್ತು ಸಣ್ಣ ಕರುಳಿಗೆ ಕ್ಯಾಪ್ಸೂಲ್ (ನುಂಗೋ ಕ್ಯಾಮೆರಾ) ಕೂಡ. 12 ಅಂತ ಕಾದು ಕೂತರೆ ಅಷ್ಟರಲ್ಲಿ ಕರುಳು ಒಂದರೊಳಗೊಂದು ಸಿಕ್ಕಿಕೊಂಡು ತುರ್ತು ಆಪರೇಷನ್ ಆಗಿರಬಹುದು.

ಇನ್ನೊಂದು ಮಾತು. ಮಲದಲ್ಲಿ ರಕ್ತ, ಕಾರಣ ತಿಳಿಯದ ರಕ್ತಹೀನತೆ, ಮತ್ತೆ ಮತ್ತೆ ಹೊಟ್ಟೆನೋವು, ಲೋಳೆಭೇದಿ, ಇಷ್ಟರಲ್ಲಿ ಯಾವುದು ಕಂಡರೂ ವಯಸ್ಸಿನ ಲೆಕ್ಕ ಬಿಟ್ಟು ಆಗಲೇ ತೋರಿಸಬೇಕು.

ತುಂಗಾತೀರ:
ರಿಪೋರ್ಟ್ ಸಿಕ್ಕಿತು. "ಟ್ಯೂಬುಲಾರ್ ಅಡಿನೋಮಾ, ನೂರಕ್ಕೂ ಹೆಚ್ಚು" ಅಂತಿದೆ. ಹಾಗಾದ್ರೆ ಎಫ್‌ಎಪಿ ಅಂತ ತೀರ್ಮಾನ ಆಯ್ತಾ? ಭಾವನ ಅಪ್ಪ ಅಮ್ಮನಿಗೆ ಇಂಥದ್ದೇನೂ ಇಲ್ಲ, ಇಬ್ಬರಿಗೂ ಕೊಲೊನೋಸ್ಕೋಪಿ ಆಗಿದೆ, ನಾರ್ಮಲ್.

ವಂಶವೃಕ್ಷ:
ಎಫ್‌ಎಪಿ ಸಾಧ್ಯತೆಯೇ ಹೆಚ್ಚು. ಅದು ಬರೋದು ಎಪಿಸಿ ಅನ್ನೋ ಜೀನಿನ ದೋಷದಿಂದ. ಆ ದೋಷ ಇರುವವರಲ್ಲಿ ಸುಮಾರು ನಾಲ್ಕರಲ್ಲೊಬ್ಬರಿಗೆ ಅದು ಅಪ್ಪ ಅಮ್ಮನಿಂದ ಬಂದಿರಲ್ಲ, ಅವರಲ್ಲೇ ಹೊಸದಾಗಿ ಆಗಿರುತ್ತೆ. ಹಾಗಿದ್ದರೂ ಅವರ ಮಕ್ಕಳಿಗೆ ಶೇ 50 ಸಾಧ್ಯತೆ. ಆದರೆ ಒಂದು ಪ್ರಶ್ನೆ: ನಿಮ್ಮ ಭಾವನ ತಂದೆತಾಯಿ ಸಂಬಂಧಿಕರಾ?

ತುಂಗಾತೀರ:
ಹೌದು ಮೇಡಂ, ಸೋದರಮಾವನಿಗೇ ಕೊಟ್ಟಿದ್ದು. ಅಕ್ಕ-ಭಾವ ಕೂಡ ಸಂಬಂಧದೊಳಗೇ, ಅಕ್ಕನಿಗೆ ಅವರು ಸೋದರತ್ತೆ ಮಗ.

ವಂಶವೃಕ್ಷ:
ಹಾಗಾದರೆ ಪಾಲಿಪೋಸಿಸ್‌ನ ಇನ್ನೊಂದು ಬಗೆಯನ್ನೂ ಎಣಿಸಲೇಬೇಕು. ಎಂಯುಟಿವೈಎಚ್ ಅನ್ನೋ ಜೀನಿನ ದೋಷದಿಂದಲೂ ದೊಡ್ಡ ಕರುಳಲ್ಲಿ ಹತ್ತಾರರಿಂದ ನೂರಾರು ಅಡಿನೋಮಾ ಬರುತ್ತವೆ. ಎಪಿಸಿ ದೋಷದ ಒಂದು ಪ್ರತಿ ಇದ್ದರೆ ಸಾಕು, ಕಾಯಿಲೆ ಬರುತ್ತೆ. ಇದಕ್ಕೆ ಎರಡು ಪ್ರತಿ ಬೇಕು, ಅಪ್ಪನಿಂದೊಂದು ಅಮ್ಮನಿಂದೊಂದು. ಅಪ್ಪ ಅಮ್ಮ ಇಬ್ಬರಿಗೂ ಏನೂ ಇಲ್ಲದೆ ಮಗನಿಗೆ ಬಂದಿದೆ, ಅವರು ರಕ್ತಸಂಬಂಧಿಗಳು ಅಂದಾಗ ಇದು ನೆನಪಾಗಬೇಕು. ನಮ್ಮ ಕಡೆ ಸೋದರಮಾವ, ಸೋದರತ್ತೆ ಸಂಬಂಧ ಬೆಳೆಸೋದು ರೂಢಿಯಾದ್ದರಿಂದ ಈ ಪ್ರಶ್ನೆ ಕೇಳದೆ ಮುಂದಕ್ಕೆ ಹೋಗಬಾರದು.

ವ್ಯತ್ಯಾಸ ಏನು ಗೊತ್ತಾ? ಎಂಯುಟಿವೈಎಚ್ ಆದರೆ ಮಕ್ಕಳಿಬ್ಬರೂ ಒಂದೊಂದು ಪ್ರತಿ ಹೊತ್ತಿರೋದು ಖಚಿತ, ಆದರೆ ಅಕ್ಕನಲ್ಲೂ ಒಂದು ಪ್ರತಿ ಇದ್ದರೆ ಮಾತ್ರ ಅವರಿಗೆ ಕಾಯಿಲೆ ಬರಬಹುದು. ಅವರು ಸಂಬಂಧಿಯಾದ್ದರಿಂದ ಆ ಸಾಧ್ಯತೆ ಹೊರಗಿನವರಿಗಿಂತ ಹೆಚ್ಚು, ಹಾಗಾಗಿ ಅಕ್ಕನ ರಕ್ತವನ್ನೂ ಪರೀಕ್ಷಿಸಬೇಕಾಗುತ್ತೆ. ಅದರಲ್ಲಿ ಕೊಲೊನೋಸ್ಕೋಪಿ ಶುರುವಾಗೋದೇ 18ರ ಆಸುಪಾಸಿನಲ್ಲಿ.

ಆದ್ದರಿಂದ ರಕ್ತ ಕೊಡಬೇಕಾದವರು ಮೊದಲು ನಿಮ್ಮ ಭಾವ, ಮಕ್ಕಳಲ್ಲ. ಅವರಲ್ಲಿ ದೋಷ ಯಾವ ಜೀನಿನ ಯಾವ ಜಾಗದಲ್ಲಿದೆ ಅಂತ ಸಿಕ್ಕಿದ ಮೇಲೆ ಮಕ್ಕಳಲ್ಲಿ ಅದೊಂದೇ ಜಾಗ ನೋಡಿದರೆ ಸಾಕು. ಖರ್ಚೂ ಕಡಿಮೆ, ಉತ್ತರವೂ ಹೌದು ಅಥವಾ ಇಲ್ಲ. ಭಾವನನ್ನು ಬಿಟ್ಟು ನೇರ ಮಗುವಿನ ರಕ್ತ ಕಳಿಸಿ "ಏನೂ ಸಿಗಲಿಲ್ಲ" ಅಂತ ಬಂದರೆ ಅದರಿಂದ ಏನೂ ಹೇಳಕ್ಕಾಗಲ್ಲ. ಮಗುವಿಗೆ ಬಂದಿಲ್ಲವೋ, ಪರೀಕ್ಷೆಗೆ ಸಿಗದ ದೋಷವೋ ತಿಳಿಯಲ್ಲ.

ಸ್ಲೈಡ್‌ಲೋಕ:
ಇದಕ್ಕೆ ಒಂದು ಸೇರಿಸ್ತೀನಿ. ಸಾಮಾನ್ಯ ಸೀಕ್ವೆನ್ಸಿಂಗ್‌ನಲ್ಲಿ ಜೀನಿನ ದೊಡ್ಡ ತುಂಡೇ ಕಳಚಿಹೋಗಿದ್ದರೆ ತಪ್ಪಿಹೋಗಬಹುದು, ಅದನ್ನ ಹಿಡಿಯೋದು ಎಂಎಲ್‌ಪಿಎ ಅನ್ನೋ ಇನ್ನೊಂದು ಪರೀಕ್ಷೆ. "ಎಂಎಲ್‌ಪಿಎ ಕೂಡ ಆಗಿದೆಯಾ" ಅಂತ ಕೇಳಿ.

ಬಯಲುಸೀಮೆ:
12 ಅಂತ ನಾನು ಎಲ್ಲಕ್ಕೂ ಒಂದೇ ಹೇಳಿದ್ದು ತಪ್ಪು, ಒಪ್ಕೊಂಡೆ. ಆದರೆ ಮಗಳಿಗೆ ಬರೀ 6. ಭಾವನ ದೋಷ ಸಿಕ್ಕಿದ ಮೇಲೆ ಅವಳ ರಕ್ತವನ್ನೂ ಈಗಲೇ ನೋಡಿಬಿಟ್ಟರೆ ನೆಮ್ಮದಿ ಅಲ್ವಾ?

ವಂಶವೃಕ್ಷ:
ಎಪಿಸಿ ದೋಷಕ್ಕೆ ಮಗುವಿನ ಪರೀಕ್ಷೆಯನ್ನೂ ಸಾಮಾನ್ಯವಾಗಿ 12ರಿಂದ 14ಕ್ಕೇ ಇಡೋದು. 6ಕ್ಕೆ ಗೊತ್ತಾದರೂ 12ರವರೆಗೆ ಮಾಡೋದೇನೂ ಇಲ್ಲ, ಜೊತೆಗೆ ಮಗುವಿಗೆ ಅರ್ಥವಾಗೋ ವಯಸ್ಸಿನಲ್ಲಿ ಅದರ ಒಪ್ಪಿಗೆ ಪಡೆದು ಮಾಡೋದು ನ್ಯಾಯ.

ನೀಲಗಿರಿ_ಮರ:
ಇದನ್ನ ನಾನು ಪೂರ್ತಿ ಒಪ್ಪಲ್ಲ. ಎಫ್‌ಎಪಿ ಇರೋ ಮಕ್ಕಳಲ್ಲಿ ಮೊದಲ ಐದಾರು ವರ್ಷದೊಳಗೆ ಹೆಪಟೋಬ್ಲಾಸ್ಟೋಮಾ ಅನ್ನೋ ಲಿವರ್ ಗೆಡ್ಡೆ ಬರಬಹುದು. ಅದಕ್ಕಾಗಿ ಚಿಕ್ಕಂದಿನಲ್ಲೇ ಜೀನ್ ನೋಡಿ, ಕೆಲವು ತಿಂಗಳಿಗೊಮ್ಮೆ ಎಎಫ್‌ಪಿ (ಈ ಗೆಡ್ಡೆಯ ಸುಳಿವು ಕೊಡೋ ಪ್ರೋಟೀನ್) ರಕ್ತಪರೀಕ್ಷೆ, ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸೋರೂ ಇದ್ದಾರೆ. ಅಮೆರಿಕದಲ್ಲಿ ಎಷ್ಟೋ ಕಡೆ ಮಾಡ್ತಾರೆ.

ಕರುಳಬಳ್ಳಿ:
ನಿಜ, ಅಲ್ಲಿ ಭಿನ್ನಾಭಿಪ್ರಾಯ ಇದೆ. ಆದರೆ ಎಫ್‌ಎಪಿ ಮಕ್ಕಳಲ್ಲೂ ಅದು ಬರೋದು ನೂರಕ್ಕೆ ಇಬ್ಬರಿಗಿಂತ ಕಡಿಮೆ. ಯುರೋಪಿನವರು ಎಲ್ಲರಿಗೂ ಮಾಡಬೇಡಿ ಅಂತಲೇ ಹೇಳ್ತಾರೆ. ಈ ಮನೆಯಲ್ಲಿ ಮಗಳಿಗೆ ಆಗಲೇ 6 ತುಂಬಿದೆ, ಆ ಅವಧಿ ಬಹುಪಾಲು ಕಳೆದಿದೆ. ಮುಂದೆ ಆ ಮನೆಯಲ್ಲಿ ಇನ್ನೊಂದು ಕೂಸು ಹುಟ್ಟಿದರೆ ಆಗ ಮಕ್ಕಳ ವೈದ್ಯರ ಹತ್ತಿರ ಈ ಪ್ರಶ್ನೆ ಎತ್ತಬೇಕು.

ಹುಬ್ಬಳ್ಳಿ_ಸಿಸ್ಟರ್:
ವಿಷಯ ಸ್ವಲ್ಪ ಬೇರೆ, ಕ್ಷಮಿಸಿ. ಶಾಲಾ ತಪಾಸಣೆಯಲ್ಲಿ ತುಟಿ ಮೇಲೆ ಕಪ್ಪು ಚುಕ್ಕೆ ಇರೋ ಮಕ್ಕಳು ಕಾಣ್ತಾರೆ. ಎಲ್ಲರನ್ನೂ ಕಳಿಸೋದಾ? ನಮ್ಮ ಮಕ್ಕಳ ಮೈಬಣ್ಣಕ್ಕೆ ಯಾವುದು ಮಚ್ಚೆ, ಯಾವುದು ಪ್ಯೂಟ್ಸ್-ಜೆಗರ್ಸ್ ಅಂತ ಗುರುತು ಹಿಡಿಯೋದು ಕಷ್ಟ.

ಕರುಳಬಳ್ಳಿ:
ಟಾರ್ಚ್ ಹಿಡಿದು ಬಾಯಿ ತೆರೆಸಿ. ಕೆನ್ನೆಯ ಒಳಭಾಗವನ್ನು ಐಸ್‌ಕ್ರೀಂ ಕಡ್ಡಿಯಿಂದ ಸರಿಸಿ ನೋಡಿ. ಪ್ಯೂಟ್ಸ್-ಜೆಗರ್ಸ್ ಚುಕ್ಕೆಗಳು ಒಂದರಿಂದ ಐದು ಮಿಲಿಮೀಟರ್, ಸಾಸಿವೆ ಚೆಲ್ಲಿದ ಹಾಗೆ ಬಿಡಿಬಿಡಿಯಾಗಿ ಇರುತ್ತವೆ, ತುಟಿಯ ಅಂಚನ್ನು ದಾಟಿ ಚರ್ಮಕ್ಕೂ ಹರಡಿರುತ್ತವೆ. ಬೆರಳ ತುದಿ, ಅಂಗೈ, ಅಂಗಾಲು, ಕಣ್ಣು-ಮೂಗಿನ ಸುತ್ತಲೂ ನೋಡಿ. ಬಿಸಿಲಿಗೆ ಬರೋ ಚುಕ್ಕೆ ಕೆನ್ನೆಯೊಳಗೆ ಬರಲ್ಲ. ಕಪ್ಪು ಮೈಬಣ್ಣದವರಲ್ಲಿ ಒಸಡು ಪೂರ್ತಿ ಕಪ್ಪಗಿರೋದು ಸಹಜ, ಅದನ್ನ ಲೆಕ್ಕಕ್ಕೆ ತಗೋಬೇಡಿ. ಚುಕ್ಕೆಗಳು ಸಾಮಾನ್ಯವಾಗಿ ಎಳೆವಯಸ್ಸಿನಲ್ಲೇ ಮೂಡಿ, ಹರೆಯ ಕಳೆದ ಮೇಲೆ ತುಟಿಯವು ಮಾಸಿಹೋಗಬಹುದು, ಕೆನ್ನೆಯೊಳಗಿನವು ಉಳಿಯುತ್ತವೆ. ಹಾಗಾಗಿ ಅಪ್ಪ ಅಮ್ಮನ ತುಟಿ ನೋಡಿ "ಇಲ್ಲ" ಅನ್ನಬೇಡಿ, ಅವರ ಕೆನ್ನೆಯೊಳಗೂ ಟಾರ್ಚ್ ಬಿಡಿ.

ಚುಕ್ಕೆ ಇದ್ದು, ಮಗು ಊಟ ಆದಮೇಲೆ ಹೊಟ್ಟೆ ಹಿಡ್ಕೊಂಡು ಕೂರುತ್ತೆ, ಸ್ವಲ್ಪ ಹೊತ್ತಿಗೆ ಸರಿಹೋಗುತ್ತೆ, ಮತ್ತೆ ಬರುತ್ತೆ ಅಂದರೆ ಅದು ಕರುಳು ಒಳಗೊಳಗೇ ಮಡಚಿಕೊಂಡು ಬಿಡಿಸಿಕೊಳ್ತಿರೋ ಲಕ್ಷಣ. ಅಂಥ ಮಗುವನ್ನು ಆ ವಾರವೇ ಕಳಿಸಿ. ನೋವಿನ ಜೊತೆ ಹಸಿರು ವಾಂತಿ, ಹೊಟ್ಟೆ ಉಬ್ಬರ ಶುರುವಾಗಿದ್ದರೆ ಅವತ್ತೇ, ಮಕ್ಕಳ ಸರ್ಜನ್ ಇರೋ ಕಡೆಗೆ.

ನೀಲಗಿರಿ_ಮರ:
ಸಿಸ್ಟರ್, ಆ ಕಾಗದದ ಮೇಲೆ "ತುಟಿಯಲ್ಲಿ ಚುಕ್ಕೆ ಇದೆ" ಅಂತ ದೊಡ್ಡದಾಗಿ ಬರೆದು ಕಳಿಸಿ. ಎರಡು ವರ್ಷದೊಳಗಿನ ಕೂಸುಗಳಿಗೆ ಕರುಳು ಸಿಕ್ಕಿಕೊಂಡಾಗ ಗಾಳಿ ಬಿಟ್ಟು ಹಿಂದಕ್ಕೆ ತಳ್ಳುವ ಪದ್ಧತಿ ಇದೆ. ಪ್ಯೂಟ್ಸ್-ಜೆಗರ್ಸ್ ಮಗುವಿಗೆ ಅದು ನಡೆಯಲ್ಲ. ಸಿಕ್ಕಿಕೊಂಡಿರೋದು ಸಣ್ಣ ಕರುಳು, ಎಳೆದಿರೋದು ಪಾಲಿಪ್, ಅದು ಅಲ್ಲೇ ಇರುತ್ತೆ. ಆಪರೇಷನ್ನೇ ಬೇಕು. ಹೊಟ್ಟೆ ತೆರೆದಾಗ ಸಿಕ್ಕಿಕೊಂಡ ಜಾಗ ಒಂದನ್ನೇ ಕತ್ತರಿಸಿ ಮುಚ್ಚದೆ, ಅದೇ ಸಮಯದಲ್ಲಿ ಸ್ಕೋಪನ್ನು ಕರುಳಿನುದ್ದಕ್ಕೂ ತೂರಿಸಿ ಉಳಿದ ಪಾಲಿಪ್‌ಗಳನ್ನೂ ತೆಗೆದುಬಿಟ್ಟರೆ ಮುಂದಿನ ಆಪರೇಷನ್ ತಪ್ಪುತ್ತೆ. ಪದೇಪದೇ ಕರುಳು ಕತ್ತರಿಸಿಸಿಕೊಂಡ ಮಗುವಿಗೆ ಕೊನೆಗೆ ಕರುಳಿನ ಉದ್ದವೇ ಸಾಲದೆ ಹೋಗುತ್ತೆ.

ಮಾಮರ:
ಕ್ಯಾಪ್ಸೂಲ್ ಪರೀಕ್ಷೆ 8 ವರ್ಷದ ಮಗು ನುಂಗುತ್ತಾ?

ಎಂಡೋ_ರೂಮ್:
ಅದರ ಅಳತೆ ಸುಮಾರು 26 ಮಿಲಿಮೀಟರ್ ಉದ್ದ, 11 ಮಿಲಿಮೀಟರ್ ದಪ್ಪ. ಒಂದು ವಾರ ಮುಂಚೆಯಿಂದ ಅಭ್ಯಾಸ ಮಾಡಿಸಿದರೆ ಎಷ್ಟೋ ಮಕ್ಕಳು ನುಂಗುತ್ತಾರೆ. ಅಭ್ಯಾಸಕ್ಕೆ ಬಾಯಲ್ಲಿ ಕರಗೋ ಮೆತ್ತನೆ ಜೆಲ್ಲಿಯನ್ನು ಕತ್ತರಿಸಿ ಚಿಕ್ಕದರಿಂದ ದೊಡ್ಡದಕ್ಕೆ ಹೋಗಿ. ಗಟ್ಟಿ ಪೆಪ್ಪರ್‌ಮೆಂಟ್, ಕಡಲೆಬೀಜ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ನುಂಗಕ್ಕೇ ಆಗದಿದ್ದರೆ ಮೇಲಿನ ಎಂಡೋಸ್ಕೋಪಿ ಮಾಡುವಾಗಲೇ ಅರಿವಳಿಕೆಯಲ್ಲಿ ಸಣ್ಣ ಕರುಳಿಗೆ ಬಿಡ್ತಾರೆ. ನುಂಗಿದ ಮೇಲೆ ಅದು ಹೊರಬಂತು ಅಂತ ಖಚಿತವಾಗೋವರೆಗೆ ಎಂಆರ್‌ಐ ಕೋಣೆಗೆ ಕರ್ಕೊಂಡು ಹೋಗಲೇಬಾರದು.

ಕ್ಯಾಪ್ಸೂಲ್ ವೇಗವಾಗಿ ಜಾರೋ ಮೇಲ್ಭಾಗದಲ್ಲಿ ದೊಡ್ಡ ಪಾಲಿಪ್ಪೇ ತಪ್ಪಿಹೋಗಬಹುದು. ನೋವಿದ್ದೂ ಕ್ಯಾಪ್ಸೂಲ್ ನಾರ್ಮಲ್ ಬಂದರೆ ಎಂಆರ್ ಎಂಟರೋಗ್ರಫಿ (ಸಣ್ಣ ಕರುಳಿನ ಎಂಆರ್‌ಐ) ಕೇಳಿ. ಸಣ್ಣ ಕರುಳಲ್ಲಿ 15ರಿಂದ 20 ಮಿಲಿಮೀಟರ್ ದಾಟಿದ್ದನ್ನು ನೋವಿಲ್ಲದಿದ್ದರೂ ಮುಂಚಿತವಾಗಿ ತೆಗೆಯೋದು ವಾಡಿಕೆ, ನೋವು ಕೊಡ್ತಿದ್ದರೆ ಅದಕ್ಕಿಂತ ಚಿಕ್ಕದನ್ನೂ. ಎಲ್ಲ ಸ್ವಚ್ಛವಿದ್ದರೆ ಮತ್ತೆ 3 ವರ್ಷಕ್ಕೆ.

ಬೆಳ್ಳಿಮೋಡ_22:
ನಮ್ಮ ಪಕ್ಕದ ಮನೆ 4 ವರ್ಷದ ಮಗುವಿಗೆ ಕಕ್ಕಸಿನ ಕೊನೆಯಲ್ಲಿ ಕೆಂಪು ರಕ್ತ ತೊಟ್ಟಿಕ್ಕುತ್ತೆ. ಮೂಲವ್ಯಾಧಿ ಅಂತ ನಾಟಿ ಮದ್ದು ಹಚ್ತಿದ್ದಾರೆ.

ಕರುಳಬಳ್ಳಿ:
ದಯವಿಟ್ಟು ನಿಲ್ಲಿಸಲು ಹೇಳಿ. ಆ ವಯಸ್ಸಿನಲ್ಲಿ ಮೂಲವ್ಯಾಧಿ ತೀರಾ ಅಪರೂಪ. ಗಟ್ಟಿ ಮಲದಿಂದ ಗುದದ್ವಾರ ಬಿರುಕುಬಿಟ್ಟಿದ್ದರೆ ನೋವಿರುತ್ತೆ. ನೋವಿಲ್ಲದೆ ಮಲದ ಮೇಲೆ ಗೆರೆ ಎಳೆದ ಹಾಗೆ ರಕ್ತ ಅಂದರೆ ಹೆಚ್ಚಾಗಿ ಒಂಟಿ ಜುವೆನೈಲ್ ಪಾಲಿಪ್. ಕೆಲವೊಮ್ಮೆ ಚೆರ್ರಿ ಹಣ್ಣಿನ ಹಾಗೆ ಹೊರಗೇ ಇಣುಕುತ್ತೆ, ಅದನ್ನ ದಾರ ಕಟ್ಟಿ ಕೀಳೋದು, ಸುಡೋದು ಮಾಡಬಾರದು, ಒಳಗಿನ ರಕ್ತನಾಳ ಜೋರಾಗಿ ಸುರಿಯುತ್ತೆ. ಒಂದೇ ಪಾಲಿಪ್ ಇದ್ದು, ಮನೆತನದಲ್ಲಿ ಯಾರಿಗೂ ಇಲ್ಲದಿದ್ದರೆ ತೆಗೆದು ಪೆಥಾಲಜಿಗೆ ಕಳಿಸಿದ ಮೇಲೆ ಅಲ್ಲಿಗೆ ಮುಗೀತು, ವರ್ಷವರ್ಷ ಸ್ಕೋಪ್ ಬೇಡ.

ಆದರೆ ದೊಡ್ಡ ಕರುಳಲ್ಲಿ ಐದು ಅಥವಾ ಹೆಚ್ಚು ಇದ್ದರೆ, ಹೊಟ್ಟೆಯಲ್ಲೂ ಸಣ್ಣ ಕರುಳಲ್ಲೂ ಇದ್ದರೆ, ಅಥವಾ ಒಂದೇ ಇದ್ದರೂ ಮನೆಯಲ್ಲಿ ಜುವೆನೈಲ್ ಪಾಲಿಪೋಸಿಸ್ ಇದ್ದವರಿದ್ದರೆ, ಅದು ವಂಶದ ಕಾಯಿಲೆ. ಮೊದಲ ಸಲವೇ ಇಡೀ ದೊಡ್ಡ ಕರುಳನ್ನು ನೋಡೋದು ಇದಕ್ಕೇ. ಕೈಗೆ ಸಿಕ್ಕ ಒಂದನ್ನು ತೆಗೆದು ಮೇಲಕ್ಕೆ ಹೋಗದೆ ಬಿಟ್ಟರೆ ಎಣಿಕೆಯೇ ತಪ್ಪುತ್ತೆ.

ವಂಶವೃಕ್ಷ:
ಜುವೆನೈಲ್ ಪಾಲಿಪೋಸಿಸ್ ಇರೋರಲ್ಲಿ ಸ್ಮ್ಯಾಡ್4 ಅನ್ನೋ ಜೀನಿನ ದೋಷ ಸಿಕ್ಕಿದರೆ ಬರೀ ಕರುಳು ನೋಡಿ ಬಿಡಬೇಡಿ. ಅದೇ ದೋಷದಿಂದ ಶ್ವಾಸಕೋಶ, ಮಿದುಳಿನಲ್ಲಿ ರಕ್ತನಾಳಗಳು ಅಡ್ಡದಾರಿಯಲ್ಲಿ ಕೂಡಿಕೊಂಡಿರಬಹುದು. ಪದೇಪದೇ ಮೂಗಿನಿಂದ ರಕ್ತ ಅದರ ಸುಳಿವು, ಆದರೆ ಮೂಗಿನ ರಕ್ತ ಬಾರದ ಮಗುವಿಗೂ ಬಬಲ್ ಎಕೋ (ಗಾಳಿಗುಳ್ಳೆ ಬೆರೆಸಿದ ದ್ರವ ರಕ್ತನಾಳಕ್ಕೆ ಬಿಟ್ಟು ಮಾಡೋ ಹೃದಯದ ಸ್ಕ್ಯಾನ್) ಮಾಡಿಸಬೇಕು. ಶ್ವಾಸಕೋಶದಲ್ಲಿ ಅಂಥದ್ದಿದ್ದರೆ ಡ್ರಿಪ್ ಲೈನಿನಲ್ಲಿ ಒಂದು ಗಾಳಿಗುಳ್ಳೆ ಹೋದರೂ ಮಿದುಳಿಗೆ ಸೇರಬಹುದು. ಅರಿವಳಿಕೆ ಕೊಡೋ ಡಾಕ್ಟರಿಗೆ ಸ್ಕೋಪ್ ದಿನ ಬೆಳಗ್ಗೆ ಹೇಳಿದರೆ ಸಾಲದು, ಮುಂಚೆಯೇ ತಿಳಿಸಿ.

ತುಂಗಾತೀರ:
ಮಗನಿಗೆ ಮುಂದಿನ ವರ್ಷ ಸ್ಕೋಪ್ ಬಂದರೆ ಹೊಟ್ಟೆ ಕ್ಲೀನ್ ಮಾಡೋದು ಹೇಗೆ? ಭಾವ ಅದನ್ನೇ ನೆನೆಸಿಕೊಂಡು ಹೆದರ್ತಾರೆ.

ಎಂಡೋ_ರೂಮ್:
ಕ್ಲೀನ್ ಸರಿಯಾಗದಿದ್ದರೆ ಚಿಕ್ಕ ಪಾಲಿಪ್ ಕಾಣಲ್ಲ, ಇಡೀ ಅರಿವಳಿಕೆ ವ್ಯರ್ಥ. ಹಾಗಾಗಿ ಇದನ್ನ ಬಿಡಿಸಿ ಬರೀತೀನಿ.

ಕಬ್ಬಿಣದ ಸಿರಪ್ ಕುಡೀತಿದ್ದರೆ ಒಂದು ವಾರ ಮೊದಲೇ ನಿಲ್ಲಿಸಿ. ಮಲ ಕಪ್ಪಗಾಗಿ ಕರುಳ ಗೋಡೆಗೆ ಮೆತ್ತಿಕೊಳ್ಳುತ್ತೆ. ಎರಡು ದಿನ ಮುಂಚಿನಿಂದ ರಾಗಿ ಮುದ್ದೆ, ರಾಗಿ ಅಂಬಲಿ, ಸೊಪ್ಪು, ಕೋಸಂಬರಿ, ಅವರೆಕಾಳು, ಸೀಬೆ, ಟೊಮೆಟೊ, ಬೀಟ್‌ರೂಟ್ ಯಾವುದೂ ಬೇಡ. ಇಡ್ಲಿ, ಬಿಳಿ ಅನ್ನ-ಮೊಸರು, ಸಿಪ್ಪೆ ತೆಗೆದ ಆಲೂಗಡ್ಡೆ ಆಗುತ್ತೆ, ಒಗ್ಗರಣೆ ಸಾಸಿವೆ ಇಲ್ಲದೆ. ಸಾಸಿವೆ, ಟೊಮೆಟೊ ಬೀಜ ಸ್ಕೋಪಿನ ಹೀರುಗೊಳವೆಗೆ ಸಿಕ್ಕಿಕೊಳ್ಳುತ್ತೆ.

ಹಿಂದಿನ ದಿನ ತಿಳಿನೀರು ಮಾತ್ರ: ಸೋಸಿದ ಎಳನೀರು, ತಿಳಿಯಾದ ಸೇಬಿನ ರಸ, ತೊಗರಿಬೇಳೆ ಕಟ್ಟಿನ ತಿಳಿ. ಮಜ್ಜಿಗೆ, ಹಾಲು ತಿಳಿನೀರಲ್ಲ. ಕೆಂಪು-ನೇರಳೆ ಬಣ್ಣದ ಶರಬತ್ತು ಒಳಗೆ ರಕ್ತದ ಹಾಗೇ ಕಾಣುತ್ತೆ. ಕರುಳು ತೊಳೆಯೋ ಪಿಇಜಿ ಪುಡಿಯ ದೊಡ್ಡ ಪೊಟ್ಟಣದಲ್ಲಿ 118 ಗ್ರಾಂ ಪಿಇಜಿ ಇರುತ್ತೆ, ಅದನ್ನ 2 ಲೀಟರ್ ನೀರಿಗೆ ಪೂರ್ತಿ ಕದಡಬೇಕು. ಒಂದೇ ದಿನದ ಪದ್ಧತಿಯಲ್ಲಿ ಸಾಮಾನ್ಯ ಲೆಕ್ಕ ಕೆಜಿಗೆ 4 ಗ್ರಾಂ, ಅಂದರೆ 25 ಕೆಜಿ ಮಗುವಿಗೆ 100 ಗ್ರಾಂ, ಸುಮಾರು 1.7 ಲೀಟರ್. ನಿಮ್ಮ ಮಗುವಿಗೆ ಡಾಕ್ಟರ್ ಚೀಟಿಯಲ್ಲಿ ಬರೆದದ್ದೇ ಅಂತಿಮ. ಫ್ರಿಜ್ಜಲ್ಲಿ ತಣ್ಣಗೆ ಮಾಡಿ, ಸ್ಟ್ರಾ ಹಾಕಿ, ಹತ್ತು ಹದಿನೈದು ನಿಮಿಷಕ್ಕೊಂದು ಲೋಟ. ರುಚಿಗೆ ಸಕ್ಕರೆ ಬೆರೆಸಬೇಡಿ, ಉಪ್ಪು-ನೀರನ್ನು ಕರುಳು ಹೀರಿಕೊಂಡು ಭೇದಿ ಸರಿಯಾಗಿ ಆಗದೆ ಹೋಗಬಹುದು. ವಾಂತಿ ಬಂದರೆ ಅರ್ಧ ಗಂಟೆ ನಿಲ್ಲಿಸಿ, ಮತ್ತೆ ಸಣ್ಣ ಗುಟುಕು. ಕೊನೆಗೆ ಹೊರಬರೋದು ಗೋಮೂತ್ರದ ಬಣ್ಣದ ತಿಳಿನೀರಾಗಿರಬೇಕು. ಇನ್ನೂ ಕಂದು ಕಸ ಇದ್ದರೆ ರಾತ್ರಿಯೇ ಫೋನ್ ಮಾಡಿ ಕೇಳಿ. ಅರಿವಳಿಕೆಗೆ 2 ಗಂಟೆ ಮುಂಚೆ ತಿಳಿನೀರೂ ನಿಲ್ಲಬೇಕು.

ಪಾಲಿಪ್ ತೆಗೆದಿದ್ದರೆ ಎರಡು ವಾರದವರೆಗೂ ತಡವಾಗಿ ರಕ್ತ ಬರಬಹುದು. ಆ ಎರಡು ವಾರ ಜಾತ್ರೆ, ದೂರದ ಬಸ್ ಪ್ರಯಾಣ ಇಟ್ಟುಕೊಳ್ಳಬೇಡಿ, ಆಸ್ಪತ್ರೆ ಕೈಗೆಟುಕೋ ಕಡೆ ಇರಿ. ಜ್ವರಕ್ಕೆ ಐಬುಪ್ರೊಫೆನ್ ಬೇಡ, ಪ್ಯಾರಾಸಿಟಮಾಲ್ ಕೊಡಿ. ಹೊಟ್ಟೆ ಬಿಗಿದು ಜ್ವರ ಬಂದರೆ ಮಾತ್ರೆ ಕೊಟ್ಟು ಕಾಯಬೇಡಿ.

ಮಾಮರ:
ಅರಿಶಿನ ದಿನಾ ಹಾಲಲ್ಲಿ ಕೊಟ್ಟರೆ ಪಾಲಿಪ್ ಕರಗುತ್ತೆ ಅಂತ ವಾಟ್ಸಾಪಲ್ಲಿ ಬರ್ತಿರುತ್ತೆ. ಪ್ರಯತ್ನಿಸಬಹುದಾ?

ಸ್ಲೈಡ್‌ಲೋಕ:
ಅದನ್ನ ಎಫ್‌ಎಪಿ ಇರೋ ದೊಡ್ಡವರಲ್ಲಿ ಸರಿಯಾಗಿಯೇ ಪರೀಕ್ಷಿಸಿದ್ದಾರೆ. 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅರಿಶಿನದ ಕರ್ಕ್ಯುಮಿನ್ ದಿನಕ್ಕೆ 3000 ಮಿಲಿಗ್ರಾಂನಂತೆ 12 ತಿಂಗಳು ಕೊಟ್ಟರೂ, ಸುಳ್ಳು ಮಾತ್ರೆ ತಗೊಂಡವರಿಗೂ ಇವರಿಗೂ ಪಾಲಿಪ್ ಎಣಿಕೆಯಲ್ಲಿ, ಗಾತ್ರದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಲಿಗೆ ಚಿಟಿಕೆ ಅರಿಶಿನ ಕುಡಿಯಲಿ ತೊಂದರೆಯಿಲ್ಲ, ಅದನ್ನ ನಂಬಿ ಸ್ಕೋಪ್ ಮುಂದೂಡಬೇಡಿ.

ಬಯಲುಸೀಮೆ:
ಮಗನಿಗೆ ದೋಷ ಇದೆ ಅಂತಾದರೆ ತಕ್ಷಣ ಕರುಳು ತೆಗೆಸಿಬಿಡೋದೇ ವಾಸಿ ಅಲ್ವಾ?

ನೀಲಗಿರಿ_ಮರ:
ಅಲ್ಲ. ಎಫ್‌ಎಪಿಯಲ್ಲಿ 20ರೊಳಗೆ ಕ್ಯಾನ್ಸರ್ ಅಪರೂಪ. ವರ್ಷದಿಂದ ಮೂರು ವರ್ಷಕ್ಕೊಮ್ಮೆ ನೋಡ್ತಾ, ಎಣಿಕೆ, ಗಾತ್ರ, ಜೀವಕೋಶದ ಬದಲಾವಣೆ ಗಮನಿಸಿ ಸಮಯ ನಿರ್ಧರಿಸ್ತಾರೆ. ಹೆಚ್ಚಿನವರಿಗೆ ಅದು ಹದಿವಯಸ್ಸಿನ ಕೊನೆಗೆ ಅಥವಾ 20 ದಾಟಿದ ಮೇಲೆ. 10 ಮಿಲಿಮೀಟರ್ ದಾಟಿದವು ಹಲವಾರು, ತೀವ್ರ ಡಿಸ್‌ಪ್ಲೇಸಿಯಾ (ಕ್ಯಾನ್ಸರ್ ಕಡೆಗಿನ ಜೀವಕೋಶದ ಬದಲಾವಣೆ), ನಿಲ್ಲದ ರಕ್ತಸ್ರಾವ ಇದ್ದರೆ ಬೇಗ. ಮನೆತನದಲ್ಲಿ ಡೆಸ್ಮಾಯ್ಡ್ (ನಾರು ಅಂಗಾಂಶದ) ಗೆಡ್ಡೆ ಇದ್ದರೆ ಸಾಧ್ಯವಾದಷ್ಟು ತಡ, ಯಾಕಂದ್ರೆ ಆಪರೇಷನ್ ಗಾಯವೇ ಅದನ್ನ ಕೆಣಕುತ್ತೆ. ತುರ್ತಿಲ್ಲದಿದ್ದರೆ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಮುಗಿದ ಬೇಸಿಗೆ ರಜೆಗೆ ಇಡಿ.

ಗುದನಾಳ ಉಳಿಸಿ ಜೋಡಿಸಿದರೆ ದಿನಕ್ಕೆ ಮೂರರಿಂದ ಐದು ಸಲ ಹೋಗಬೇಕಾಗುತ್ತೆ, ಆದರೆ ಉಳಿದ ಗುದನಾಳವನ್ನು ಜೀವನಪೂರ್ತಿ ಸ್ಕೋಪ್ ಮಾಡಿಸ್ತಿರಬೇಕು. ಗುದನಾಳವನ್ನೂ ತೆಗೆದು ಸಣ್ಣ ಕರುಳಿನ ಚೀಲ ಮಾಡಿದರೆ ಇನ್ನೂ ಹೆಚ್ಚು ಸಲ, ಹೆಣ್ಣುಮಕ್ಕಳಿಗೆ ಮುಂದೆ ಬಸಿರು ನಿಲ್ಲೋದಕ್ಕೂ ತೊಡಕಾಗಬಹುದು. ಸರ್ಜನ್ ಹತ್ತಿರ ಎರಡರ ಬಗ್ಗೆಯೂ ಬಿಡಿಸಿ ಕೇಳಿ.

ತುಂಗಾತೀರ:
ಜೀನ್ ಪರೀಕ್ಷೆ ಮಾಡಿಸಿದರೆ ಇನ್ಶೂರೆನ್ಸ್ ಕೊಡಲ್ಲ ಅಂತ ಭಾವ ಹಿಂಜರೀತಿದ್ದಾರೆ.

ವಂಶವೃಕ್ಷ:
2018ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟ್ ಆರೋಗ್ಯ ವಿಮೆಯಲ್ಲಿ ಆನುವಂಶಿಕ ಕಾಯಿಲೆ ಅಂತ ಸಾರಾಸಗಟು ಹೊರಗಿಡೋದು ಸಲ್ಲದು ಅಂದಿತು. ಅದರ ಬೆನ್ನಿಗೇ ವಿಮಾ ನಿಯಂತ್ರಕ ಐಆರ್‌ಡಿಎಐ ಕೂಡ ಆ ಕಾರಣಕ್ಕೆ ಕ್ಲೇಮ್ ತಿರಸ್ಕರಿಸಬಾರದು ಅಂತ ಕಂಪನಿಗಳಿಗೆ ಸೂಚಿಸಿತು. ಆದರೆ ಹೊಸ ಪಾಲಿಸಿ ತಗೊಳ್ಳುವಾಗ ಗೊತ್ತಿರೋದನ್ನ ಮುಚ್ಚಿಟ್ಟರೆ ಅದು ಬೇರೆ ತಕರಾರು, ಅರ್ಜಿಯಲ್ಲಿ ಕೇಳಿದ್ದನ್ನ ಇದ್ದ ಹಾಗೇ ಬರೀಬೇಕು. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ, ಇಂಥ ಸಲಹೆ ಎಲ್ಲಿ ಸಿಗುತ್ತೆ ಅಂತ ಅಲ್ಲೂ ವಿಚಾರಿಸಬಹುದು.

ತುಂಗಾತೀರ:
ಭಾವ ರಕ್ತ ಕೊಡೋಕೆ ಒಪ್ಪಿದ್ದಾರೆ. ಹೋಗುವಾಗ ಏನೇನು ಒಯ್ಯಬೇಕು?

ಎಂಡೋ_ರೂಮ್:
ಪೆಥಾಲಜಿ ರಿಪೋರ್ಟ್, ಆಪರೇಷನ್ ನೋಟ್, ಸ್ಕೋಪಿಯ ಫೋಟೊ. ಆ ಫೋಟೊ ಥರ್ಮಲ್ ಕಾಗದದಲ್ಲಿದ್ದರೆ ಬೇಗ ಬಿಳುಚಿಹೋಗುತ್ತೆ, ಇವತ್ತೇ ಮೊಬೈಲಲ್ಲಿ ತೆಗೆದಿಟ್ಟು ಜೆರಾಕ್ಸ್ ಮಾಡಿಸಿ.

ವಂಶವೃಕ್ಷ:
ಅಕ್ಕನನ್ನೂ ಜೊತೆಗೆ ಕರ್ಕೊಂಡು ಹೋಗಿ. ಭಾವನ ಎರಡೂ ಕಡೆಯ ಅಜ್ಜ-ಅಜ್ಜಿವರೆಗೆ ಯಾರಿಗೆ ಏನಾಗಿತ್ತು, ಎಷ್ಟನೇ ವಯಸ್ಸಿಗೆ, ಯಾರು ಯಾರಿಗೆ ಸಂಬಂಧ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅದನ್ನ ಅತ್ತೆಯವರ ಹತ್ತಿರ ಕೂತು ಬರೆಸಿ, ಅವರಿಗೇ ಹೆಚ್ಚು ಗೊತ್ತಿರುತ್ತೆ.